ರೈಟ್ ಕ್ಲಿಕ್ ಮಾಡಿದರೆ ‘ಹೊಸ ಕೆಲಸ’

ನಮ್ಮದು ಲಗ್ನಪತ್ರಿಕೆ, ಬ್ಯಾನರ್, ಬಿಲ್ ಪುಸ್ತಕ ಮಾಡಿಕೊಡುವ ಸಣ್ಣ ಡಿಟಿಪಿ ಅಂಗಡಿ. ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೆಲ್ಲ ಡೌನ್‌ಲೋಡ್ಸ್‌ನಲ್ಲಿ ಬಂದು ಬೀಳುತ್ತದೆ. ಅಲ್ಲಿಂದ ಕಟ್ ಮಾಡು, ಫೋಲ್ಡರ್ ಹುಡುಕು, ಪೇಸ್ಟ್ ಮಾಡು. ಮದುವೆ ಸೀಸನ್‌ನಲ್ಲಿ ಅರ್ಧ ದಿನ ಇದಕ್ಕೇ ಹೋಗುತ್ತಿತ್ತು. ಈಗ ವಿಂಡೋಸ್‌ನ ರೈಟ್ ಕ್ಲಿಕ್ ಮೆನುವಿಗೇ ನಮ್ಮ ಅಂಗಡಿಯ ಮಾತು ಕಲಿಸಿದ್ದೇನೆ. ಬೇರೆ ಸಾಫ್ಟ್‌ವೇರ್ ಏನೂ ಬೇಕಿಲ್ಲ.

ಸುಲಭದ್ದು ‘ಸೆಂಡ್ ಟು’, ಅಂದರೆ ರೈಟ್ ಕ್ಲಿಕ್ ಮೆನುವಿನಿಂದಲೇ ಫೈಲನ್ನು ಬೇಕಾದ ಫೋಲ್ಡರ್‌ಗೆ ಕಳಿಸುವುದು. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ‘ಶೆಲ್:ಸೆಂಡ್‌ಟು’ ಅಂತ ಇಂಗ್ಲಿಷ್ ಅಕ್ಷರದಲ್ಲಿ, ಜಾಗ ಬಿಡದೆ ಟೈಪ್ ಮಾಡಿ. ತೆರೆದ ಫೋಲ್ಡರ್‌ನಲ್ಲಿ ನಿಮಗೆ ಬೇಕಾದ ಫೋಲ್ಡರ್‌ಗಳ ಶಾರ್ಟ್‌ಕಟ್ ಹಾಕಿ, ಅಷ್ಟೇ. ನನ್ನಲ್ಲಿ ‘1 ಪ್ರೂಫ್’, ‘2 ಪ್ರಿಂಟ್’ ಅಂತಿವೆ. ಮುಂದೆ ಅಂಕಿ ಇದ್ದರೆ ಮೇಲೆಯೇ ಕಾಣುತ್ತವೆ. ಕಳಿಸುವಾಗ ಕಂಟ್ರೋಲ್ ಒತ್ತಿ ಹಿಡಿದರೆ ಕಾಪಿ ಆಗುತ್ತದೆ, ಶಿಫ್ಟ್ ಹಿಡಿದರೆ ಫೈಲ್ ಅಲ್ಲಿಂದ ಎದ್ದು ಹೋಗುತ್ತದೆ. ಹೆಚ್ಚಿನವರಿಗೆ ಇಷ್ಟು ಸಾಕು.

ನನಗೆ ಇನ್ನೊಂದು ಬೇಕಿತ್ತು. ಪ್ರತಿ ಗಿರಾಕಿಯ ಫೋಲ್ಡರ್‌ನಲ್ಲೂ ‘ಫೋಟೋ’, ‘ಪ್ರೂಫ್’, ‘ಫೈನಲ್’ ಅಂತ ಮೂರು ಫೋಲ್ಡರ್ ಇರಲೇಬೇಕು. ಹುಡುಗರ ಕೈಲಿ ಬಿಟ್ಟರೆ ಒಬ್ಬೊಬ್ಬರದು ಒಂದೊಂದು ಹೆಸರು. ಇದಕ್ಕೆ ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಇಟ್ಟುಕೊಳ್ಳುವ ಜಾಗಕ್ಕೆ, ಕೈ ಹಾಕಬೇಕು. ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ.

ರೆಜೆಡಿಟ್ (ರಿಜಿಸ್ಟ್ರಿ ತಿದ್ದುವ ಪ್ರೋಗ್ರಾಂ) ತೆರೆದು ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಕ್ಲಾಸಸ್, ಡೈರೆಕ್ಟರಿ, ಬ್ಯಾಕ್‌ಗ್ರೌಂಡ್, ಶೆಲ್ ಅಂತ ಒಳಗೊಳಗೆ ಹೋಗಿ. ಯಾವುದಾದರೂ ಕೀ (ರಿಜಿಸ್ಟ್ರಿಯ ಫೋಲ್ಡರ್‌ನಂಥದ್ದು) ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ. ಶೆಲ್ ಒಳಗೆ ಒಂದು ಕೀ ಮಾಡಿ, ಅದರ ಡಿಫಾಲ್ಟ್ ಜಾಗದಲ್ಲಿ ‘ಹೊಸ ಕೆಲಸ’ ಅಂತ ಬರೆಯಿರಿ. ಮೆನುವಿನಲ್ಲಿ ಕಾಣುವುದು ಇದೇ. ಅದರೊಳಗೆ ‘ಕಮಾಂಡ್’ ಅನ್ನುವ ಕೀ (ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು). ಅದರ ಡಿಫಾಲ್ಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಟ್ಟು ಸಿಎಂಡಿ, ಸ್ಲ್ಯಾಶ್ ಸಿ, ಎಂಕೆಡಿಐಆರ್ (ಫೋಲ್ಡರ್ ಮಾಡುವ ಆಜ್ಞೆ), ಆಮೇಲೆ ಮೂರು ಫೋಲ್ಡರ್‌ಗಳ ದಾರಿ. ಪ್ರತಿ ದಾರಿಯೂ ಪರ್ಸೆಂಟ್ ಗುರುತು, ದೊಡ್ಡ ವಿ, ಬ್ಯಾಕ್‌ಸ್ಲ್ಯಾಶ್, ಫೋಲ್ಡರ್ ಹೆಸರು ಅಂತ ಇರಬೇಕು. ನೀವು ಕ್ಲಿಕ್ ಮಾಡಿದ ಫೋಲ್ಡರ್ ಯಾವುದು ಅಂತ ಹೇಳುವುದು ಆ ವಿ. ಒಂದೊಂದು ದಾರಿಯನ್ನೂ ಡಬಲ್ ಕೋಟ್‌ನಲ್ಲಿ ಇಡಿ. ಗಿರಾಕಿಯ ಹೆಸರಿನಲ್ಲಿ ಜಾಗ ಬಿಟ್ಟಿರುತ್ತೀರಿ, ಅಲ್ವಾ?

ಈಗ ಫೋಲ್ಡರ್ ತೆರೆದು ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ‘ಹೊಸ ಕೆಲಸ’ ಒತ್ತಿದರೆ ಕಪ್ಪು ಕಿಟಕಿ ಮಿಂಚಿ ಮರೆಯಾಗುತ್ತದೆ, ಮೂರೂ ಫೋಲ್ಡರ್ ಬಂದಿರುತ್ತವೆ. ಹೆಸರನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ನಮ್ಮ ಡಿಟಿಪಿಯವರ ಕೈ ತಾನಾಗೇ ಆಸ್ಕಿ ನುಡಿಗೆ (ಯುನಿಕೋಡ್ ಅಲ್ಲದ ಹಳೇ ಕನ್ನಡ ಟೈಪಿಂಗ್‌ಗೆ) ಹೋಗುತ್ತದೆ. ಹಾಗೆ ಮಾಡಿದರೆ ಮೆನುವಿನಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ.

ವಿಂಡೋಸ್ 11ರಲ್ಲಿ ಇವೆಲ್ಲ ‘ಶೋ ಮೋರ್ ಆಪ್ಷನ್ಸ್’ ಹಿಂದೆ ಅಡಗಿ ಕೂತಿರುತ್ತವೆ. ನನಗಂತೂ ಅದು ಸುಮ್ನೆ ಒಂದು ಕ್ಲಿಕ್ ಜಾಸ್ತಿ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಹಳೇ ಮೆನು ನೇರವಾಗಿ ಬರುತ್ತದೆ.

ರುಚಿ ಹತ್ತಿತು ಅಂತ ಹತ್ತಾರು ತುಂಬಬೇಡಿ, ಹುಡುಕುವುದೇ ಕೆಲಸವಾಗುತ್ತದೆ. ಬೇಡವೆನಿಸಿದ್ದನ್ನು ತೆಗೆಯಲು ನೀವು ಮಾಡಿದ ಕೀಯನ್ನಷ್ಟೇ ಡಿಲೀಟ್ ಮಾಡಿ. ರೀಸ್ಟಾರ್ಟ್ ಕೂಡ ಬೇಡ.