1832ರ ಬಿಳಿ ಲಂಗದ ಮರುಸೃಷ್ಟಿ: ನಾಲ್ಕನೇ ಪದರದ ತನಕ

ಸದ್ಯದ ಸ್ಥಿತಿ: ಐದು ಪದರಗಳೂ ಕತ್ತರಿಸಿ ಆಗಿವೆ. ಮೂರು ಪದರ ಯೋಕಿನ (ಸೊಂಟದ ಕೆಳಗೆ ಪದರಗಳನ್ನು ಹೊಲಿಯುವ ಬಟ್ಟೆಯ ಪಟ್ಟಿ) ಮೇಲೆ ಕೂತಿವೆ. ನಾಲ್ಕನೆಯದನ್ನು ಬಿಚ್ಚಬೇಕಾಗಿದೆ, ಕಾರಣ ಮುಂದೆ ಇದೆ. ರವಿಕೆ ಭಾಗಕ್ಕೆ ಇನ್ನೂ ಕೈ ಹಚ್ಚಿಲ್ಲ.

ಮಾದರಿಯಾಗಿ ಹಿಡಿದದ್ದು 'ಲಾ ಸಿಲ್ಫೀಡ್' ಬ್ಯಾಲೆಯ ಉಡುಪು. ಸಿಲ್ಫ್ ಎಂದರೆ ಗಾಳಿಯ ಯಕ್ಷಿಣಿ. 1832ರ ಮಾರ್ಚ್ 12ರಂದು ಪ್ಯಾರಿಸ್ ಒಪೇರಾದಲ್ಲಿ ಮರೀ ಟಾಲ್ಯೋನಿ ಅದನ್ನು ಧರಿಸಿ ಕುಣಿದಳು. ನೃತ್ಯ ಸಂಯೋಜನೆ ಅವಳ ತಂದೆ ಫಿಲಿಪ್ಪೋ ಟಾಲ್ಯೋನಿಯದು, ಉಡುಪಿನ ವಿನ್ಯಾಸದ ಹೆಸರು ಸಾಮಾನ್ಯವಾಗಿ ಯೂಜೀನ್ ಲಾಮಿಗೆ ಸಲ್ಲುತ್ತದೆ. ಬಿಗಿಯಾದ ರವಿಕೆ, ಭುಜ ಬಿಟ್ಟ ಕುತ್ತಿಗೆ, ಮೀನಖಂಡದ ಕೆಳಗಿನವರೆಗೆ ಗಂಟೆಯಂತೆ ಇಳಿಯುವ ಲಂಗ, ಬೆನ್ನಿಗೆ ಪುಟ್ಟ ರೆಕ್ಕೆ. ಬ್ಯಾಲೆ ಲಂಗಕ್ಕೆ ಈಗಿರುವ ಹೆಸರು ಟೂಟೂ, ಆದರೆ ಇದನ್ನು ಆಗ ಯಾರೂ ಹಾಗೆನ್ನುತ್ತಿರಲಿಲ್ಲ. ಆ ಹೆಸರು ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಲಂಗ ಮೊಣಕಾಲಿನಿಂದ ಮೇಲಕ್ಕೆ ಹೋಗುತ್ತಿದ್ದ ಹೊತ್ತಿಗೆ.

ಬಿಳಿಯೇ ಏಕೆ? ಬಹುಮಟ್ಟಿಗೆ ದೀಪದ ದೆಸೆಯಿಂದ. ಪ್ಯಾರಿಸ್ ಒಪೇರಾಕ್ಕೆ ಗ್ಯಾಸ್ ದೀಪ ಬಂದದ್ದು 1822ರಲ್ಲಿ. 1831ರ ನವೆಂಬರ್ 21ರಂದು ಮೆಯರ್‌ಬೇರ್‌ನ 'ರೋಬೇರ್ ಲೆ ದಿಯಾಬ್ಲ್' ಒಪೇರಾದಲ್ಲಿ ಸತ್ತ ಸನ್ಯಾಸಿನಿಯರು ಗೋರಿಯಿಂದೆದ್ದು ಮಂದ ಬೆಳಕಿನಲ್ಲಿ ಬಿಳಿಯುಟ್ಟು ಕುಣಿದರು, ಅವರ ಮುಂದಾಳಾಗಿ ಇದೇ ಟಾಲ್ಯೋನಿ. ನಾಲ್ಕು ತಿಂಗಳ ನಂತರ ಬಂದ ಸಿಲ್ಫೀಡ್ ಅದೇ ದಾರಿ ಹಿಡಿಯಿತು. ಪರೀಕ್ಷೆ ಸುಲಭ: ಕಪ್ಪು ಬಟ್ಟೆಯ ಮುಂದೆ ಒಂದೇ ಪದರ ಹಿಡಿದು ಪಕ್ಕದಿಂದ ಹಳದಿ ಬಲ್ಬಿನ ಬೆಳಕು ಬಿಟ್ಟರೆ ಅದು ಬರೀ ಜಾಲರಿ. ಐದು ಪದರ ಸಡಿಲವಾಗಿ ಹಿಡಿದರೆ ನೆರಿಗೆಯ ಏಣುಗಳು ಮಾತ್ರ ಬೆಳಗುತ್ತವೆ, ನಡುವೆ ಹೊಗೆಯಂಥ ಬೂದು. ಕಾಲು ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. ಈ ಉಡುಪಿನ ಕೆಲಸವೇ ಅದು.

ಬಟ್ಟೆ

ಅಂದಿನದು ಹತ್ತಿ: ಮಸ್ಲಿನ್, ಗಾಜ್, ಗಂಜಿ ಹಾಕಿದ ಟಾರ್ಲಟನ್. ಜಾನ್ ಹೀತ್‌ಕೋಟ್ 1809ರಲ್ಲಿ ಪೇಟೆಂಟ್ ಪಡೆದ ಬಾಬಿನ್‌ನೆಟ್ ಯಂತ್ರದಿಂದ ಜಾಲರಿ ಬಟ್ಟೆಯೂ ಅಗ್ಗವಾಗುತ್ತಿತ್ತು. ಗಂಜಿ ಹಾಕಿದ ಬಟ್ಟೆಗೆ ಬೆವರು ತಾಗಿದರೆ ಆಟ ಮುಗಿಯಿತು, ಸೊಂಟದ ಹತ್ತಿರದ ಉಬ್ಬು ಮೊದಲು ಕುಸಿಯುತ್ತದೆ. ಇಲ್ಲಿ ಬಳಸುತ್ತಿರುವುದು 150 ಸೆಂ.ಮೀ. ಅಗಲದ ಮೃದು ನೈಲಾನ್ ಟ್ಯೂಲ್, ಅಂದರೆ ತೆಳು ಜಾಲರಿ ಬಟ್ಟೆ. ಕುಣಿಯಬೇಕು, ಒಗೆಯಬೇಕು, ಅಷ್ಟರ ಮಟ್ಟಿಗೆ ರಾಜಿ.

ಅಂಗಡಿಯಲ್ಲಿ ಬರೀ 'ನೆಟ್' ಎಂದು ಕೇಳಿದರೆ ಪಾಲಿಯೆಸ್ಟರ್ ಕೈಗೆ ಬರುವುದೂ ಉಂಟು. ಚೂರೊಂದನ್ನು ಹಾಲು ಹಾಕದ ಚಹಾ ಡಿಕಾಕ್ಷನ್‌ನಲ್ಲಿ ಹತ್ತು ನಿಮಿಷ ಬಿಸಿಯಾಗಿ ಇಡಿ. ನೈಲಾನ್ ಕೆನೆಬಣ್ಣಕ್ಕೆ ತಿರುಗುತ್ತದೆ, ಪಾಲಿಯೆಸ್ಟರ್ ಇದ್ದ ಹಾಗೇ ಇರುತ್ತದೆ. ಕೆನೆಬಣ್ಣ ಹೇಗೂ ಬೇಕು, ಏಕೆಂದರೆ ಈಗಿನ ಹೊಳಪು ಬಿಳುಪು ಎಲ್‌ಇಡಿ ಬೆಳಕಿನಲ್ಲಿ ನೀಲಿ ಹೊಡೆಯುತ್ತದೆ. ಗಡುಸು ನೆಟ್ ಮಾತ್ರ ಬೇಡ. ಅದು ಪಕ್ಕಕ್ಕೆ ಚಾಚಿ ನಿಲ್ಲುತ್ತದೆ, ಈ ಲಂಗ ಬೀಳಬೇಕು. ಮರುಸೃಷ್ಟಿಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ: ಉಬ್ಬು ಸಾಲದೆಂದು ಗಡುಸು ಪದರ ಸೇರಿಸುತ್ತಾರೆ, ಸಿಲ್ಫ್ ಹೋಗಿ ಹುಟ್ಟುಹಬ್ಬದ ಫ್ರಾಕ್ ಉಳಿಯುತ್ತದೆ.

ಅಳತೆ

ಚಿತ್ರಕಾರ ಶಾಲೋನ್ ಬಿಡಿಸಿದ ಟಾಲ್ಯೋನಿಯ ಚಿತ್ರಗಳ ಲಿಥೋಗಳು (ಕಲ್ಲಚ್ಚಿನ ಮುದ್ರಣಗಳು) ಕಣ್ಣಿಗೆ ಹಬ್ಬ, ಅಳತೆಗೆ ನಾಲಾಯಕ್ಕು. ಆ ಪಾದಗಳ ಗಾತ್ರ ನೋಡಿದರೆ ಸಾಕು, ಸೊಂಟದ ಅಳತೆಯನ್ನು ನಂಬಲು ಮನಸ್ಸಾಗದು. ಒಂದಂತೂ ಸ್ಪಷ್ಟ: ಲಂಗ ಸೊಂಟದಿಂದಲೇ ಉಬ್ಬುತ್ತದೆ. ನಾವು ಯೋಕ್ ಹಾಕಿದ್ದು ಅನುಕೂಲಕ್ಕಾಗಿ. ಐದು ಪದರದ ನೆರಿಗೆಯನ್ನು ಸೊಂಟಪಟ್ಟಿಗೇ ತುಂಬಿದರೆ ಅಲ್ಲಿ ಟೈರು ಸುತ್ತಿದ ಹಾಗೆ ಕಾಣುತ್ತದೆ.

ಸೊಂಟದಿಂದ ಹೊರ ಅಂಚಿಗೆ 72 ಸೆಂ.ಮೀ., ಅಲ್ಲಿಂದ ನೆಲಕ್ಕೆ 30. ಯೋಕ್ ದಪ್ಪ ಹತ್ತಿಯದು. ಸೊಂಟದಿಂದ 11 ಸೆಂ.ಮೀ. ಕೆಳಗೆ ಅದರ ಸುತ್ತಳತೆ 86. ಒಳಗಿನ ಪದರ ಆ ಗೆರೆಯಲ್ಲಿ ಕೂರುತ್ತದೆ, ಪ್ರತಿ ಮುಂದಿನ ಪದರ 0.8 ಸೆಂ.ಮೀ. ಮೇಲೆ. ಕೆಳ ಅಂಚಿನಲ್ಲಿ ಪ್ರತಿ ಒಳಪದರ ತನ್ನ ಹೊರಗಿನದಕ್ಕಿಂತ 1 ಸೆಂ.ಮೀ. ಮೋಟು. ಎರಡೂ ಕೂಡಿದಾಗ ಪದರದಿಂದ ಪದರಕ್ಕೆ 1.8ರ ಏರಿಕೆ. ಮೇಲಂಚಿಗೆ 1 ಸೆಂ.ಮೀ. ಸೇರಿಸಿದರೆ ಒಳಗಿನಿಂದ ಹೊರಕ್ಕೆ 58, 59.8, 61.6, 63.4, 65.2.

ಟ್ಯೂಲ್ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ. ಜೋಡಣೆ ಉಳಿಸುವ ಆಸೆಗೆ ಉದ್ದಕ್ಕೆ ಪಟ್ಟಿ ಹರಿದರೆ ಆ ಹಿಗ್ಗು ಮೇಲಿಂದ ಕೆಳಕ್ಕೆ ಬರುತ್ತದೆ, ತೂಗುಹಾಕಿದ ಲಂಗ ಅಲ್ಲಲ್ಲಿ ಜೋಲುತ್ತದೆ. ಹಾಗಾಗಿ ಪದರಕ್ಕೆ ಪೂರ್ತಿ ಅಗಲದ ನಾಲ್ಕು ತುಂಡು, ಅಂದರೆ 6 ಮೀಟರ್ ಸುತ್ತು. ಐದೂ ಪದರಕ್ಕೆ 12.32 ಮೀಟರ್, ಅಂಚು ಸರಿಮಾಡಲು ತುಂಡಿಗೆ 2 ಸೆಂ.ಮೀ. ಬಿಟ್ಟರೆ 12.72. ತಂದದ್ದು 13.

ತುಂಡುಗಳನ್ನು 5 ಮಿ.ಮೀ. ಮೇಲುಮೇಲೆ ಇಟ್ಟು ಸಣ್ಣ ಜಿಗ್‌ಜಾಗ್ ಹೊಲಿಗೆ. ಯೋಕಿನ ಮೇಲೆ ಜೋಡಣೆಗಳ ನಡುವೆ 21.5 ಸೆಂ.ಮೀ. ಬರುತ್ತದೆ, ಪ್ರತಿ ಪದರವನ್ನು 4.3 ಸರಿಸಿದರೆ ಯಾವ ಜೋಡಣೆಯೂ ಇನ್ನೊಂದರ ಮೇಲೆ ಬೀಳದು. ಬಿದ್ದರೆ ಬೆಳಕಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ.

ನೆರಿಗೆ

6 ಮೀಟರನ್ನು 86 ಸೆಂ.ಮೀ.ಗೆ ಇಳಿಸುವುದೆಂದರೆ ಏಳಕ್ಕೆ ಒಂದು. ಐದೂ ಪದರ ಒಂದೇ ಗೆರೆಯಲ್ಲಿದ್ದರೆ ಸೂಜಿಯ ಕೆಳಗೆ 35 ಮಡಿಕೆ, 0.8 ಸೆಂ.ಮೀ. ಅಂತರದ ಸಾಲುಗಳು ಅದಕ್ಕೇ. ಉದ್ದ ಹೊಲಿಗೆಯ ದಾರ ಎಳೆಯುವ ರೂಢಿ ಇಲ್ಲಿ ನಡೆಯದು, ಅರ್ಧ ದಾರಿಯಲ್ಲಿ ದಾರ ತುಂಡಾಗುತ್ತದೆ. ಗಟ್ಟಿ ಕ್ರೋಶೆ ದಾರ ಇಟ್ಟು ಅದರ ಮೇಲೆ ಅಗಲ ಜಿಗ್‌ಜಾಗ್ ಓಡಿಸಿ ಆ ದಾರವನ್ನು ಎಳೆಯುವುದು ಸರಿ. ಕೆಳಗೆ ಟಿಶ್ಯೂ ಕಾಗದದ ಪಟ್ಟಿ ಇಡಿ, ಇಲ್ಲದಿದ್ದರೆ ಹೊಲಿಗೆ ಜಾಲರಿಯ ಕಣ್ಣಿನಲ್ಲಿ ಮುಳುಗುತ್ತದೆ.

ನಾಲ್ಕನೇ ಪದರ ಕೆಟ್ಟದ್ದು ಇಲ್ಲೇ. ಒಂದು ಕಡೆ ಸೂಜಿ ಕ್ರೋಶೆ ದಾರವನ್ನೇ ಚುಚ್ಚಿದೆ. ದಾರ ಅಲ್ಲಿ ಸಿಕ್ಕಿಕೊಂಡು ಎಡಭಾಗದ ನೆರಿಗೆ ಒತ್ತಾಗಿ, ಬಲಭಾಗ ತೆಳುವಾಗಿ ಕೂತಿತು. ಕೈಯಿಂದ ಹಂಚಲು ಹೋದರೆ ಜಾಲರಿ ಹರಿಯುತ್ತದೆ, ಬಿಚ್ಚುವುದೇ ದಾರಿ. ಮರುಹೊಲಿಗೆಯಲ್ಲಿ ಪ್ರತಿ 1.5 ಮೀಟರ್ ತುಂಡಿಗೂ ಬೇರೆ ದಾರ, ಯೋಕಿನ ಮೇಲೆ ಕಾಲುಭಾಗದ ಗುರುತು. ಆಗ ತಪ್ಪಾದರೂ ಕಾಲು ಪದರಕ್ಕೆ ಮುಗಿಯುತ್ತದೆ.

ಬೆಂಕಿ

ಹತ್ತಿಯ ಮಾದರಿ ತುಂಡಿನ ಮೇಲೆ ಹಳೆಯ ರಕ್ಷಣೆಯನ್ನೂ ಪರೀಕ್ಷಿಸಿದ್ದಾಯಿತು. 2 ಲೀಟರ್ ಬಿಸಿನೀರಿಗೆ 210 ಗ್ರಾಂ ಬೋರಾಕ್ಸ್, 90 ಗ್ರಾಂ ಬೋರಿಕ್ ಆಸಿಡ್. ಅದ್ದಿ, ಹಿಂಡದೆ ಒಣಗಿಸುವುದು. ಕೈಗವಸು ಕಡ್ಡಾಯ. ಜ್ವಾಲೆ ಹತ್ತುವುದಿಲ್ಲ, ಬಟ್ಟೆ ಕಪ್ಪಾಗಿ ನಿಲ್ಲುತ್ತದೆ. ಆದರೆ ಮುಟ್ಟಿ ನೋಡಿ: ಹಪ್ಪಳದಂತೆ ಬಿರುಸು, ಮಡಿಸಿದಲ್ಲಿ ಬಿಳಿ ಪುಡಿ. ಒಮ್ಮೆ ನೀರಿಗೆ ಹಾಕಿದರೆ ಮಾಡಿದ್ದೆಲ್ಲ ತೊಳೆದು ಹೋಗುತ್ತದೆ.

ಆ ಬಿರುಸೇ ಪ್ಯಾರಿಸ್ ಒಪೇರಾದ ನರ್ತಕಿ ಎಮ್ಮಾ ಲಿವ್ರಿಯ ಪ್ರಾಣ ತೆಗೆಯಿತು ಎನ್ನಬಹುದು. ಬೆಂಕಿ ಹತ್ತದಂತೆ ಮಾಡುವ ಕಾರ್ತೆರೋನ್ ವಿಧಾನದಲ್ಲಿ ಉಡುಪುಗಳನ್ನು ಸಂಸ್ಕರಿಸಬೇಕೆಂದು ಫ್ರಾನ್ಸಿನಲ್ಲಿ 1859ರಲ್ಲೇ ಆದೇಶವಿತ್ತು. ಬಟ್ಟೆ ಮಾಸಲಾಗಿ ಗಡುಸಾಗುತ್ತದೆಂದು ಟಾಲ್ಯೋನಿಯ ಶಿಷ್ಯೆ ಲಿವ್ರಿ ಒಪ್ಪಲಿಲ್ಲ. ಮಾಮೂಲಿ ಲಂಗದಲ್ಲೇ ಕುಣಿಯುವೆನೆಂದು 1860ರಲ್ಲಿ ಬರೆದೂ ಕೊಟ್ಟಳು. 1862ರ ನವೆಂಬರ್ 15ರ ತಾಲೀಮಿನಲ್ಲಿ ಅವಳ ಲಂಗಕ್ಕೆ ಗ್ಯಾಸ್ ಜ್ವಾಲೆ ತಾಗಿತು. ಎಂಟು ತಿಂಗಳು ನರಳಿ 1863ರ ಜುಲೈ 26ರಂದು ತೀರಿಕೊಂಡಾಗ ವಯಸ್ಸು 20. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ನರ್ತಕಿ ಕ್ಲಾರಾ ವೆಬ್‌ಸ್ಟರ್‌ಗೆ ಹೀಗೇ ಬೆಂಕಿ ತಾಗಿ ಅವಳು ಸತ್ತದ್ದು 1844ರಲ್ಲಿ. ಪದರ ಪದರದ ನಡುವೆ ಗಾಳಿ ತುಂಬಿದ ತೆಳು ಹತ್ತಿ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ನೈಲಾನ್ ಆದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅದೂ ಕ್ಷೇಮವೇನಲ್ಲ, ಈ ದ್ರಾವಣ ಅದಕ್ಕೆ ಹಿಡಿಯುವುದೂ ಇಲ್ಲ. ವೇದಿಕೆಯ ಮೇಲೆ ನಿಜವಾದ ದೀಪ ಇರಕೂಡದು, ಅಷ್ಟೆ.

ಬಾಕಿ

ಪದರಗಳನ್ನು ಒಂದಕ್ಕೊಂದು ಹಿಡಿಸುವ ಸಡಿಲ ದಾರದ ಕೊಂಡಿಗಳು: ಯೋಕಿನಿಂದ 20 ಸೆಂ.ಮೀ. ಕೆಳಗೆ, ಸುತ್ತ ಎಂಟು ಕಡೆ, ಪ್ರತಿ ಕೊಂಡಿ 3 ಸೆಂ.ಮೀ. ಬಿಗಿಯಾದರೆ ಗುಳಿ ಬೀಳುತ್ತದೆ. ಇಲ್ಲದೇ ಹೋದರೆ ಜಿಗಿದಾಗ ಒಳಪದರ ಕಾಲ ನಡುವೆ ಸೇರಿಕೊಳ್ಳುತ್ತದೆ. ಆಮೇಲೆ ಲಂಗವನ್ನು ಯೋಕ್ ಹಿಡಿದು ಎರಡು ದಿನ ತೂಗುಹಾಕುವುದು. ಅಂಚನ್ನು ಮೇಜಿನ ಮೇಲೆ ಕತ್ತರಿಸುವ ಹಾಗಿಲ್ಲ. ಕುಣಿಯುವವರು ಉಟ್ಟು ನಿಲ್ಲಬೇಕು, ಮೇಲಿನ ನಾಲ್ಕು ಪದರ ಪಿನ್ ಹಾಕಿ ಎತ್ತಿಟ್ಟು, ನೆಲದಿಂದ 34 ಸೆಂ.ಮೀ.ಗೆ ಒಳಗಿನದನ್ನು ಮೊದಲು ಕತ್ತರಿಸಬೇಕು. ಆಮೇಲೆ ಒಂದೊಂದಾಗಿ ಇಳಿಸುತ್ತ 33, 32, 31, 30.