ಕೊಟ್ಟ ಮಾತ್ರೆ, ತಿಂದ ಮಾತ್ರೆ

"ಮಾತ್ರೆ ಕೊಟ್ಟಿದ್ದೇವಲ್ಲ?"

"ಹೌದು ಸಿಸ್ಟರ್, ಕೊಟ್ಟಿದ್ದೀರಿ."

ಕಾಸರಗೋಡಿನ ಪೆರ್ಲದ ಆಚೆ, ಕೇರಳ-ಕರ್ನಾಟಕ ಗಡಿಗೆ ಹತ್ತಿರದ ಒಂದು ಅಂಗನವಾಡಿಯಲ್ಲಿ ಈ ಬುಧವಾರ ಕೇಳಿದ ಮಾತು ಇಷ್ಟೇ. ಸಿಸ್ಟರ್ ರಿಜಿಸ್ಟರಿನಲ್ಲಿ ಗುರುತು ಹಾಕಿದರು, ಏಳು ತಿಂಗಳ ಬಸುರಿ ಎದ್ದಳು, ಮುಂದಿನವಳ ಸರದಿ ಬಂತು. ಅವಳು ಹೊರಗೆ ಚಪ್ಪಲಿ ಮೆಟ್ಟುವಾಗ ಆಶಾ ಕಾರ್ಯಕರ್ತೆ ಚೀಲದಲ್ಲಿದ್ದ ತೊಟ್ಟೆ ಬಿಡಿಸಿ ನೋಡಿದರು. ಕಬ್ಬಿಣದ ಕೆಂಪು ಮಾತ್ರೆಯ ಸ್ಟ್ರಿಪ್ಪುಗಳು ಹಾಗೇ ಇದ್ದವು. ಒಂದರಲ್ಲಿ ಮಾತ್ರ ಎರಡು ಮಾತ್ರೆ ಇರಲಿಲ್ಲ.

"ಯಾಕೆ ಮಾರಾಯ್ತಿ?"

"ತಿಂದ್ರೆ ಹೊಟ್ಟೆ ತೊಳಸ್ತದೆ ಅಕ್ಕಾ. ಕಕ್ಕಸು ಕಪ್ಪಾಯ್ತು, ಹೆದರಿಕೆ ಆಯ್ತು. ಮಗು ದೊಡ್ಡದಾಗಿ ಹೆರಿಗೆ ಕಷ್ಟ ಆಗ್ತದೆ ಅಂತ ಅತ್ತೆಯೂ ಹೇಳಿದ್ರು."

ಒಳಗಿನ ಆ ಪ್ರಶ್ನೆ, ಆ ಉತ್ತರ ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಕೊಟ್ಟದ್ದು ನಿಜ. ತಿಂದೆಯಾ ಎಂದು ಯಾರೂ ಕೇಳಲಿಲ್ಲ. ಸಿಸ್ಟರ್ ಒಳ್ಳೆಯ ಕೆಲಸಗಾರ್ತಿ. ಬಿಪಿ ನೋಡಿದರು, ತೂಕ ತೆಗೆದರು, ಅದೇ ಬೆಳಿಗ್ಗೆ ಮಕ್ಕಳ ಚುಚ್ಚುಮದ್ದೂ ಅವರದೇ ಹೆಗಲಿಗೆ. ಅವರ ರಿಜಿಸ್ಟರಿನಲ್ಲಿ ಕೊಟ್ಟದ್ದಕ್ಕೆ ಕಾಲಂ ಇದೆ, ತಿಂದದ್ದಕ್ಕಿಲ್ಲ.

ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ. ರಕ್ತದ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ದಿನಕ್ಕೆರಡು. ತಿಂಗಳು ಕಳೆದು 1 ಗ್ರಾಂ ಕೂಡ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. 7ಕ್ಕಿಂತ ಕೆಳಗಿಳಿದರೆ ಮಾತ್ರೆ ನಂಬಿ ಮನೆಯಲ್ಲಿ ಕೂರುವಂತಿಲ್ಲ. ಈ ಹುಡುಗಿಯ ತಾಯಿ ಕಾರ್ಡಿನಲ್ಲಿ 9.4 ಇತ್ತು. ಮುಂದಿನ ಸಲವೂ ಅಷ್ಟೇ ಬಂದರೆ ಮಾತ್ರೆಗೆ ಏರಲಿಲ್ಲವೆಂದು ಬರೆದು ಕಬ್ಬಿಣದ ಇಂಜೆಕ್ಷನ್ನಿಗೆ ಕಳಿಸುತ್ತಾರೆ. ಮಾತ್ರೆ ಹೊಟ್ಟೆಗೇ ಹೋಗಿಲ್ಲವೆಂಬುದು ಯಾವ ಕಾಗದದಲ್ಲೂ ಇರುವುದಿಲ್ಲ.

ಅವಳ ಹೆದರಿಕೆಗೆ ಉತ್ತರ ಎರಡು ನಿಮಿಷದ್ದು. ಮೈಗೆ ಹಿಡಿಯದೆ ಉಳಿದ ಕಬ್ಬಿಣದಿಂದ ಮಲ ಕಪ್ಪಾಗುತ್ತದೆ, ಅದರಿಂದ ಅಪಾಯವಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು ನುಂಗಿ ಮಲಗಬೇಕು. ಲಿಂಬೆ ಶರಬತ್ತೋ ಪೇರಳೆಯೋ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಚಹಾ ಅದನ್ನು ತಡೆಯುತ್ತದೆ, ಹಿಂದೆ ಮುಂದೆ ಒಂದೊಂದು ಗಂಟೆ ಬೇಡ. ಇನ್ನೊಂದು ಎಡವಟ್ಟು ಕ್ಯಾಲ್ಸಿಯಂನದ್ದು. 500 ಮಿಲಿಗ್ರಾಂನ ಆ ಬಿಳಿ ಮಾತ್ರೆಯನ್ನು ದಿನಕ್ಕೆರಡು ಸಲ ಊಟದೊಂದಿಗೆ ತಿನ್ನಬೇಕು. ಎರಡೂ ಒಂದೇ ತೊಟ್ಟೆಯಲ್ಲಿರುವುದರಿಂದ ಕೆಲಸ ಮುಗಿಯಲಿ ಎಂದು ಒಟ್ಟಿಗೇ ನುಂಗಿಬಿಡುತ್ತಾರೆ. ಆಗ ಕ್ಯಾಲ್ಸಿಯಂ ಕಬ್ಬಿಣವನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕನಿಷ್ಠ ಎರಡು ಗಂಟೆ ಅಂತರ ಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಾತ್ರೆ ಮೇಲಿನ ಕಪಾಟಿನಲ್ಲಿರಲಿ. ಸಕ್ಕರೆ ಲೇಪದ ಕೆಂಪು ಮಾತ್ರೆ ಮಿಠಾಯಿಯಂತೆ ಕಾಣುತ್ತದೆ, ಹಿಡಿ ತಿಂದರೆ ಮಗುವಿನ ಜೀವಕ್ಕೇ ಕುತ್ತು.

ಅತ್ತೆಯನ್ನು ಬೈದು ಏನೂ ಸಿಗದು. ಮನೆಯಲ್ಲೇ ಹೆರುತ್ತಿದ್ದ ಕಾಲದಲ್ಲಿ ದೊಡ್ಡ ಮಗು ಎಂದರೆ ನಿಜಕ್ಕೂ ಪ್ರಾಣಭಯ. ಕಬ್ಬಿಣ ತುಂಬಿಸುವುದು ತಾಯಿಯ ರಕ್ತವನ್ನು. ಅದು ಕಡಿಮೆಯಾದರೇ ದಿನ ತುಂಬುವ ಮೊದಲು ಹೆರಿಗೆ, ತೂಕ ಕಡಿಮೆಯ ಮಗು ಆಗುವ ಸಂಭವ ಹೆಚ್ಚು. ಹೆರಿಗೆಯಾದ ಕೂಡಲೇ 500 ಮಿಲಿಲೀಟರ್ ರಕ್ತ ಹೋದರೆ ಗಟ್ಟಿಯಾಗಿರುವವಳು ಹೇಗೋ ತಡೆದುಕೊಂಡಾಳು, ರಕ್ತಹೀನತೆ ಇದ್ದವಳಿಗೆ ಅದಕ್ಕಿಂತ ಕಡಿಮೆ ಹೋದರೂ ಜೀವಕ್ಕೆ ಅಪಾಯ. ಇದನ್ನು ಅತ್ತೆಯನ್ನೇ ಕೂರಿಸಿಕೊಂಡು ಹೇಳಬೇಕು.

ಬಡ ದೇಶಗಳ ಲೆಕ್ಕವೆಲ್ಲ ಹೆಚ್ಚುಕಡಿಮೆ ಹೀಗೇ ನಡೆಯುತ್ತದೆ: ಬಸುರಿನ ತಪಾಸಣೆಗೆ ಎಷ್ಟು ಭೇಟಿ, ಎಷ್ಟು ಹೆರಿಗೆ ಆಸ್ಪತ್ರೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕನಿಷ್ಠ 8 ಭೇಟಿ ಬೇಕೆಂದಿತು, ನಮ್ಮಲ್ಲಿ ಕನಿಷ್ಠ 4. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆ ಆಸ್ಪತ್ರೆಗಳಲ್ಲಾಗಿವೆ. ಅದೇ ಸಮೀಕ್ಷೆ ತಾಯಂದಿರನ್ನು ಮಾತ್ರೆ ತಿಂದಿರಾ ಎಂದೇ ಕೇಳಿತು. 180 ದಿನ ತಿಂದವರು ಶೇ. 26. ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 52.2 ಮಂದಿಗೆ ರಕ್ತಹೀನತೆ. ಕೇಳಿದರೆ ಜನ ಹೇಳುತ್ತಾರೆ. ಅದಕ್ಕೇ ಆ ಅಂಗನವಾಡಿಯ ಪ್ರಶ್ನೆ ಇಷ್ಟು ಚುಚ್ಚುತ್ತದೆ.

ಗಡಿಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಈ ಹುಡುಗಿ ಸೀಮಂತ ಮುಗಿಸಿ ಸಾರಡ್ಕ ದಾಟಿ ವಿಟ್ಲದ ಕಡೆಯ ತವರಿಗೆ ಹೋಗುವವಳು. 28ರಿಂದ 34ನೇ ವಾರದ ತಪಾಸಣೆ, 36ರ ನಂತರದ್ದು, ಎರಡೂ ಆ ಹೊತ್ತಿಗೇ ಬೀಳುತ್ತವೆ. ಇಲ್ಲಿಯವರು "ಅಲ್ಲಿಗೆ ಹೋದಳು" ಎಂದು ಬಿಡುತ್ತಾರೆ, ಅಲ್ಲಿಯವರಿಗೆ ಅವಳ ಹೆಸರೇ ಗೊತ್ತಿರುವುದಿಲ್ಲ. ಕಾರ್ಡು ಜೊತೆಗಿರಬೇಕು, ಅದರಲ್ಲಿ ಅವಳ ಸರಕಾರಿ ನೋಂದಣಿಯ ಆರ್‌ಸಿಎಚ್ ನಂಬರ್ ಇದೆಯೇ ನೋಡಬೇಕು, ಕಳೆದ ಸಲದ ಹಿಮೋಗ್ಲೋಬಿನ್ ತಾರೀಕಿನೊಂದಿಗೆ ಬರೆಸಿಕೊಳ್ಳಬೇಕು. ತವರಿಗೆ ಹೋದ ಆ ವಾರದಲ್ಲೇ ಅಲ್ಲಿಯ ಆಶಾಗೆ ತೋರಿಸಬೇಕು. ಇಲ್ಲಿಯ ಆಶಾ ಅಲ್ಲಿಯವರಿಗೊಂದು ಫೋನ್ ಮಾಡಿದರೆ ಅರ್ಧ ಕೆಲಸ ಆದಂತೆ.

ಹೆತ್ತ ಮೇಲಿನ 180 ಮಾತ್ರೆಯಂತೂ ಎಲ್ಲರಿಗೂ ಮರೆತೇ ಹೋಗುತ್ತದೆ, ಆ ಹೊತ್ತಿಗೆ ಕಾರ್ಡು ಮಗುವಿನದ್ದಾಗಿರುತ್ತದೆ. ಆದರೆ 6, 10, 14ನೇ ವಾರದ ಚುಚ್ಚುಮದ್ದಿಗೆ ಹೆಚ್ಚಿನವರು ತಪ್ಪದೆ ಬರುತ್ತಾರೆ, ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರುತ್ತಾರೆ. ಬಾಣಂತಿಯ ಸ್ಟ್ರಿಪ್ಪು ತರಿಸಿ ಎಣಿಸಲು, ಹೊಸದು ಕೊಡಲು ಆ ಅರ್ಧ ಗಂಟೆ ಧಾರಾಳ ಸಾಕು.