ಲೈನ್ ಸರಿಯಾಗಿಯೇ ಇತ್ತು

ತಿಂಗಳ ಕೊನೆಯ ದಿನ, ಬೆಳಿಗ್ಗೆ 11.15ಕ್ಕೆ ನಮ್ಮ ಒಂದು ಶಾಖೆಯನ್ನು ಹೆಡ್ ಆಫೀಸಿಗೆ ಜೋಡಿಸುವ 64 ಕೆಬಿಪಿಎಸ್ ಲೀಸ್ಡ್ ಲೈನ್ (ಬಾಡಿಗೆಯ ಖಾಯಂ ಡೇಟಾ ಲೈನ್) ಬಿತ್ತು. ಬೀಳುವುದು ಹೊಸದಲ್ಲ, ಅದಕ್ಕೆಂದೇ ಐಎಸ್‌ಡಿಎನ್ (ಫೋನ್ ಎಕ್ಸ್‌ಚೇಂಜ್ ಮೂಲಕ ಡಯಲ್ ಮಾಡುವ ಡಿಜಿಟಲ್ ಲೈನ್) ಬ್ಯಾಕಪ್ ಇಟ್ಟಿದ್ದು. ರೂಟರ್ ಹೆಡ್ ಆಫೀಸಿಗೆ ಡಯಲ್ ಮಾಡಿತು, ಕನೆಕ್ಟ್ ಆಯಿತು, ಎರಡು ಸೆಕೆಂಡಿಗೆ ಕಡಿಯಿತು. ಮತ್ತೆ ಡಯಲ್, ಮತ್ತೆ ಕಟ್. ಕೌಂಟರಿನ ಮುಂದೆ ಜನ ನಿಂತಿದ್ದಾರೆ, ಪ್ರತಿ ಕರೆಗೂ ಪಲ್ಸ್ ಬಿಲ್ಲಿಗೆ ಸೇರುತ್ತಿದೆ. ಲಿಂಕ್ ಬಂದಾಗ 12.20. ಆ 65 ನಿಮಿಷದಲ್ಲಿ 40 ನಿಮಿಷ ಎಕ್ಸ್‌ಚೇಂಜಿನವರ ಜೊತೆ ವಾದಿಸುವುದರಲ್ಲಿ ಹೋಯಿತು. ಅವರ ತಪ್ಪೇನೂ ಇರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಶಾಖೆಯಲ್ಲಿ ಕನ್ಸೋಲ್ ಕೇಬಲ್ ಹಾಕಿಕೊಂಡು ಕೂತವರು ಫೋನಿನಲ್ಲಿ ಓದಿ ಹೇಳುತ್ತಿದ್ದರು. ಶೋ ಐಎಸ್‌ಡಿಎನ್ ಸ್ಟೇಟಸ್‌ನಲ್ಲಿ ಲೇಯರ್ 1 ಆಕ್ಟಿವ್, ಲೇಯರ್ 2 ಮಲ್ಟಿಪಲ್ ಫ್ರೇಮ್ ಎಸ್ಟಾಬ್ಲಿಶ್ಡ್, ಸ್ವಿಚ್ ಟೈಪ್ ಬೇಸಿಕ್ ನೆಟ್3, ಅಂದರೆ ಎಕ್ಸ್‌ಚೇಂಜಿನವರೆಗೆ ಲೈನ್ ಸರಿ. ಕರೆಯ ಸಂದೇಶಗಳನ್ನು ತೋರಿಸುವ ಡೀಬಗ್ ಐಎಸ್‌ಡಿಎನ್ ಕ್ಯೂ931 ಹಾಕಿಸಿದಾಗ ಬಂದ ಸಾಲು: ಡಿಸ್‌ಕನೆಕ್ಟ್, ಕಾಸ್ (ಕರೆ ಕಡಿದ ಕಾರಣದ ಸಂಖ್ಯೆ) 8090, ನಾರ್ಮಲ್ ಕಾಲ್ ಕ್ಲಿಯರಿಂಗ್. ಉತ್ತರ ಅಲ್ಲೇ ಇತ್ತು. ಹೆಕ್ಸ್ (16ರ ಆಧಾರದ ಸಂಖ್ಯೆ) 90ರ ಮೇಲಿನ ಬಿಟ್ ತೆಗೆದರೆ ಉಳಿಯುವುದು ಹೆಕ್ಸ್ 10, ನಮ್ಮ ಎಣಿಕೆಯಲ್ಲಿ ಕಾಸ್ 16. ಯಾರೋ ಫೋನ್ ಇಟ್ಟಿದ್ದಾರೆ ಎಂದಷ್ಟೇ ಅದರ ಅರ್ಥ. ಮೊದಲ 80 ಹೇಳುವುದು ಇಟ್ಟವರು ಬಳಕೆದಾರರ ಕಡೆಯವರು, ನೆಟ್‌ವರ್ಕ್ ಅಲ್ಲ ಎಂದು. ಲೈನಿನ ತೊಂದರೆಯಾಗಿದ್ದರೆ 27, 34, 41ರಂಥ ಕಾಸ್ ಬರಬೇಕಿತ್ತು. ನಮ್ಮ ಹೆಡ್ ಆಫೀಸ್ ರೂಟರೇ ಕರೆ ಕಡಿಯುತ್ತಿತ್ತು. ನಾನು ಅದನ್ನು ಕೇಳಿಸಿಕೊಂಡೂ 'ಲೈನ್ ಕಟ್ ಆಗ್ತಿದೆ' ಎಂದೇ ಬರೆದುಕೊಂಡೆ.

ಹಾಗೆ ಬರೆದುಕೊಳ್ಳಲು ಒಂದು ಕಾರಣ ಇತ್ತು, ಅದೂ ನನ್ನದೇ ತಪ್ಪು. ಹೆಡ್ ಆಫೀಸ್ ರೂಟರಿಗೆ ಟೆಲ್ನೆಟ್ ಮಾಡಿ (ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ) ಡೀಬಗ್ ಪಿಪಿಪಿ ನೆಗೋಷಿಯೇಷನ್ ಹಾಕಿದ್ದೆ. ಕರೆ ಕೂಡಿದ ಮೇಲೆ ಲಿಂಕ್ ಕಟ್ಟಲು ಎರಡು ರೂಟರುಗಳು ಆಡುವ ಭಾಷೆ ಪಿಪಿಪಿ. ಪರದೆ ಖಾಲಿ. ಕರೆ ಬರುತ್ತಿದೆ, ಒಂದು ಕಾನ್ಫ್‌ರೆಕ್ (ಲಿಂಕ್ ಹೀಗಿರಲಿ ಎಂಬ ಮೊದಲ ಕೋರಿಕೆ) ಕೂಡ ಕಾಣುತ್ತಿಲ್ಲ, ಅಂದಮೇಲೆ ಫ್ರೇಮುಗಳು ದಾರಿಯಲ್ಲೇ ಸಾಯುತ್ತಿವೆ ಎಂದು ತೀರ್ಮಾನಿಸಿ ಎಕ್ಸ್‌ಚೇಂಜಿಗೆ ಫೋನ್ ಹಚ್ಚಿದೆ. ಟರ್ಮಿನಲ್ ಮಾನಿಟರ್ ಟೈಪ್ ಮಾಡಿರಲಿಲ್ಲ. ಟೆಲ್ನೆಟ್‌ನಲ್ಲಿ ಅದಿಲ್ಲದೆ ಡೀಬಗ್ ಕಾಣುವುದಿಲ್ಲ, ಕನ್ಸೋಲ್‌ಗೆ ಮಾತ್ರ ಹೋಗುತ್ತದೆ. ಅದನ್ನು ಹಾಕಿದ ಕೂಡಲೇ ಪರದೆ ತುಂಬಿತು: ಎರಡೂ ಕಡೆಯ ಕಾನ್ಫ್‌ರೆಕ್, ಎರಡೂ ಕಡೆಯ ಕಾನ್ಫ್‌ಆಕ್ (ಅದಕ್ಕೆ ಒಪ್ಪಿಗೆ), ಎಲ್‌ಸಿಪಿ (ಪಿಪಿಪಿಯ ಮೊದಲ ಹಂತ) ಓಪನ್, ಚಾಪ್ (ಪಾಸ್‌ವರ್ಡ್ ತಪಾಸಣೆಯ ಹಂತ) ಚಾಲೆಂಜ್, ರೆಸ್ಪಾನ್ಸ್, ಕೊನೆಗೆ ಹೊರಹೋಗುವ ಫೇಲ್ಯೂರ್, ಲೆನ್ 25, 'ಎಂಡಿ/ಡಿಇಎಸ್ ಕಂಪೇರ್ ಫೇಲ್ಡ್'.

ಡೀಬಗ್ ನೋಡುವ ಮೊದಲೇ ಗಡಿಯಾರ ನೋಡಿದ್ದರೂ ಅರ್ಧ ದಾರಿ ಸವೆಯುತ್ತಿತ್ತು. ಸಿಸ್ಕೋ ರೂಟರ್ ಉತ್ತರ ಬಾರದ ಕಾನ್ಫ್‌ರೆಕ್ ಅನ್ನು 2 ಸೆಕೆಂಡಿಗೊಮ್ಮೆ, 10 ಸಲ ಕಳಿಸುತ್ತದೆ. ಆದ್ದರಿಂದ ಎಲ್‌ಸಿಪಿಯಲ್ಲೇ ಸಿಕ್ಕಿಕೊಂಡ ಕರೆ ಸುಮಾರು 20 ಸೆಕೆಂಡ್ ಬದುಕಿ ಸಾಯುತ್ತದೆ. ಪಿಪಿಪಿಯ ಮಾನದಂಡವಾದ ಆರ್‌ಎಫ್‌ಸಿ 1661ರ ಡೀಫಾಲ್ಟ್ 3 ಸೆಕೆಂಡ್, ಅದನ್ನೇ ಪಾಲಿಸುವ ಬೇರೆ ಪೆಟ್ಟಿಗೆಯಾದರೆ 30. ಒಂದೆರಡು ಸೆಕೆಂಡಿಗೆ ಕಡಿದರೆ ಎಲ್‌ಸಿಪಿ ಮುಗಿದು ಆತೆಂಟಿಕೇಷನ್‌ನಲ್ಲಿ ಬಿದ್ದಿದೆ ಎಂದು ಹಿಡಿದುಕೊಂಡು ಶುರು ಮಾಡಬಹುದು.

20 ಸೆಕೆಂಡಿನ ಸಾವಾಗಿದ್ದರೆ ದಿಕ್ಕು ನೋಡಬೇಕು. ನಮ್ಮ ಕಾನ್ಫ್‌ರೆಕ್ ಹೋಗುತ್ತಲೇ ಇದೆ, ಆ ಕಡೆಯಿಂದ ಏನೂ ಇಲ್ಲ, ಸ್ಟೇಟ್ ರೆಕ್‌ಸೆಂಟ್ ಎಂದರೆ ಆ ಕಡೆ ಪಿಪಿಪಿಯನ್ನೇ ಆಡುತ್ತಿಲ್ಲ. ಬಹಳ ಸಲ ಎನ್‌ಕ್ಯಾಪ್ಸುಲೇಷನ್ (ಲೈನಿನ ಮೇಲೆ ಡೇಟಾ ಕಟ್ಟುವ ಕ್ರಮ) ಡೀಫಾಲ್ಟ್ ಆದ ಎಚ್‌ಡಿಎಲ್‌ಸಿಯಲ್ಲೇ ಉಳಿದಿರುತ್ತದೆ. ಡಯಲರ್ ಪ್ರೊಫೈಲ್ (ಡಯಲ್ ಸೆಟ್ಟಿಂಗನ್ನು ಬೇರೆಯೇ ಒಂದು ಲಾಜಿಕಲ್ ಇಂಟರ್‌ಫೇಸಿನಲ್ಲಿಡುವ ರೀತಿ) ಇದ್ದರೆ ಎನ್‌ಕ್ಯಾಪ್ಸುಲೇಷನ್ ಪಿಪಿಪಿ, ಪಿಪಿಪಿ ಆತೆಂಟಿಕೇಷನ್ ಚಾಪ್ ಎರಡನ್ನೂ ಫಿಸಿಕಲ್ ಇಂಟರ್‌ಫೇಸಿನ ಮೇಲೂ ಕೊಡಿ, ಒಳಬರುವ ಕರೆ ಡಯಲರಿಗೆ ಬೈಂಡ್ ಆಗುವ ಮೊದಲು ಮಾತುಕತೆ ಅಲ್ಲೇ ನಡೆಯುತ್ತದೆ. ಅವರ ಕಾನ್ಫ್‌ರೆಕ್‌ಗೆ ನಾವು ಆಕ್ ಕೊಟ್ಟಿದ್ದೇವೆ, ನಮ್ಮದಕ್ಕೆ ಆಕ್ ಇಲ್ಲ, ಸ್ಟೇಟ್ ಆಕ್‌ಸೆಂಟ್ ಎಂದರೆ ನಮ್ಮ ಫ್ರೇಮ್ ಆ ಕಡೆ ಮುಟ್ಟುತ್ತಿಲ್ಲ. ಬಂದ ಮ್ಯಾಜಿಕ್ ನಂಬರ್ (ಪ್ರತಿ ರೂಟರ್ ತನಗೆಂದು ಆರಿಸಿಕೊಳ್ಳುವ ಗುರುತಿನ ಸಂಖ್ಯೆ) ನಾವು ಕಳಿಸಿದ್ದೇ ಆಗಿದ್ದರೆ ಲೈನ್ ಲೂಪ್ ಆಗಿದೆ. ಎಕ್ಸ್‌ಚೇಂಜಿಗೆ ಫೋನ್ ಮಾಡಬೇಕಾದ್ದು ಇಂಥ ಹೊತ್ತಿನಲ್ಲಿ.

ಚಾಪ್ ಹಂತದಲ್ಲಿ ಸಂದೇಶವನ್ನು ಅಕ್ಷರಶಃ ಓದಿ. ಯೂಸರ್‌ನೇಮ್ ನಾಟ್ ಫೌಂಡ್ ಎಂದರೆ ಯಾರೋ ಹೋಸ್ಟ್‌ನೇಮ್ (ರೂಟರಿನ ಹೆಸರು) ಬದಲಿಸಿದ್ದಾರೆ, ಅಥವಾ ದೊಡ್ಡಕ್ಷರ ಸಣ್ಣಕ್ಷರ ಬೇರೆಯಾಗಿದೆ. ಕಂಪೇರ್ ಫೇಲ್ಡ್ ಎಂದರೆ ಹೆಸರು ಸಿಕ್ಕಿದೆ, ಪಾಸ್‌ವರ್ಡ್ ಹೊಂದಿಲ್ಲ.

ಪಾಸ್‌ವರ್ಡನ್ನು ಮೂರು ತಿಂಗಳ ಹಿಂದೆ ಆಡಿಟ್‌ನವರು ಹೇಳಿದರೆಂದು ಬದಲಿಸಿದ್ದೆವು, ಎಕ್ಸೆಲ್ ಶೀಟಿನಿಂದ ಕಾಪಿ ಮಾಡಿ ಪೇಸ್ಟ್. ಕೊನೆಯಲ್ಲಿ ಒಂದು ಸ್ಪೇಸ್ ಅಂಟಿಕೊಂಡಿತ್ತು. ಐಒಎಸ್ (ಸಿಸ್ಕೋ ರೂಟರಿನ ತಂತ್ರಾಂಶ) ಅದನ್ನು ಪಾಸ್‌ವರ್ಡಿನ ಭಾಗವೆಂದೇ ತೆಗೆದುಕೊಳ್ಳುತ್ತದೆ. ಶೋ ರನ್‌ನಲ್ಲಿ (ರೂಟರಿನ ಸೆಟ್ಟಿಂಗ್ ಪಟ್ಟಿ) ಟೈಪ್ 7 ಸಾಲು, ಅಂದರೆ ಮರೆಮಾಡಿದ ಪಾಸ್‌ವರ್ಡ್, ಎರಡು ರೂಟರಿನಲ್ಲಿ ಬೇರೆ ಬೇರೆ ಕಾಣುವುದು ಸಹಜ, ಸಾಲ್ಟ್ (ಮರೆಮಾಡಲು ಬಳಸುವ ಆರಂಭದ ಸಂಖ್ಯೆ) ಬೇರೆ ಇರುತ್ತದೆ. ಆದರೆ ಉದ್ದ ಸುಳ್ಳು ಹೇಳುವುದಿಲ್ಲ. ಸಾಲ್ಟ್‌ಗೆ 2 ಅಂಕಿ, ಆಮೇಲೆ ಪ್ರತಿ ಅಕ್ಷರಕ್ಕೆ 2. ನಮ್ಮದು 8 ಅಕ್ಷರದ ಪಾಸ್‌ವರ್ಡ್, 18 ಇರಬೇಕು. ಶಾಖೆಯವರು ಬೆರಳಿಟ್ಟು ಎಣಿಸಿದರು: 20. ಮತ್ತೊಮ್ಮೆ ಎಣಿಸಿದರು: 20. ನೋ ಯೂಸರ್‌ನೇಮ್ ಕೊಟ್ಟು, ಪಾಸ್‌ವರ್ಡನ್ನು ಕೈಯಲ್ಲೇ ಟೈಪ್ ಮಾಡಿಸಿದೆ. ಮುಂದಿನ ಡಯಲ್‌ಗೇ ಲಿಂಕ್ ನಿಂತಿತು. ಇದೇ ಜಾಗದಲ್ಲಿ ಯೂಸರ್‌ನೇಮ್ ಸಾಲಿಗೆ ಪಾಸ್‌ವರ್ಡ್ ಬದಲು ಸೀಕ್ರೆಟ್ (ಮೂಲಕ್ಕೆ ತಿರುಗಿಸಲಾಗದ ರೂಪ) ಕೊಡುವವರಿದ್ದಾರೆ. ಚಾಪ್‌ಗೆ ಮೂಲ ಪಾಸ್‌ವರ್ಡ್ ಬೇಕು, ಅದು ನಡೆಯುವುದಿಲ್ಲ.

ಮೂರು ತಿಂಗಳು ಆ ಬ್ಯಾಕಪ್ ಸತ್ತೇ ಇತ್ತು, ಮಾನಿಟರಿಂಗ್ ಟೂಲ್ ಹಸಿರು ತೋರಿಸುತ್ತಲೇ ಇತ್ತು. ಫ್ಲೋಟಿಂಗ್ ಸ್ಟ್ಯಾಟಿಕ್ (ಮುಖ್ಯ ದಾರಿ ಬಿದ್ದಾಗ ಮಾತ್ರ ಬಳಕೆಗೆ ಬರುವ ರೂಟ್) ಮೇಲೆ ನಿಂತ ಬಿಆರ್‌ಐ (ರೂಟರಿನ ಐಎಸ್‌ಡಿಎನ್ ಇಂಟರ್‌ಫೇಸ್) ಕರೆ ಇಲ್ಲದಾಗಲೂ ಲೈನ್ ಪ್ರೋಟೋಕಾಲ್ ಅಪ್, ಸ್ಪೂಫಿಂಗ್ (ಇದ್ದಂತೆ ನಟನೆ) ಎಂದೇ ಹೇಳುತ್ತದೆ, ಟೂಲ್ ಅಪ್ ಅನ್ನಷ್ಟೇ ಓದುತ್ತದೆ. ಬಿಲ್ ಬರುತ್ತದೆ, ಟೆಸ್ಟ್ ಕಾಲ್ ಬೇಡ ಎಂದು ಮೇಲಿನವರ ಆದೇಶ ಬೇರೆ. ತಿಂಗಳಿಗೊಂದು ಕರೆಯ ದುಡ್ಡನ್ನು ಆ ಬೆಳಗಿನ ಕೌಂಟರಿನ ಸಾಲಿನ ಪಕ್ಕದಲ್ಲಿಟ್ಟು ನೋಡಿ ಎಂದು ಬರೆದು ಕೊಟ್ಟ ಮೇಲೆ ಆದೇಶ ಸಡಿಲವಾಯಿತು. ಆಮೇಲೆ ಪಾಸ್‌ವರ್ಡ್ ಬದಲಾದ ದಿನವೇ ಐಎಸ್‌ಡಿಎನ್ ಕಾಲ್ ಇಂಟರ್‌ಫೇಸ್ ಕೊಟ್ಟು ಡಯಲ್ ಮಾಡಿ, ಶೋ ಡಯಲರ್ ನೋಡುತ್ತಿದ್ದೆವು. ಫಿಸಿಕಲ್ ಲೇಯರ್ ಅಪ್ ಎಂದಿದ್ದರೆ ಪಿಪಿಪಿ ಇನ್ನೂ ಮುಗಿದಿಲ್ಲ. ಡೇಟಾ ಲಿಂಕ್ ಲೇಯರ್ ಅಪ್ ಎಂದು ಬಂದು, ಪಕ್ಕದಲ್ಲಿ ಹೆಡ್ ಆಫೀಸ್ ರೂಟರಿನ ಹೆಸರು ಕಂಡ ಮೇಲೆಯೇ ಚೆಕ್‌ಲಿಸ್ಟಿಗೆ ಟಿಕ್.